ಕಾಮನಬಿಲ್ಲು ಹಾದಿ: ಹೈದರಾಬಾದ್‌ನ ತಂದೆಯಿಲ್ಲದ ಹುಡುಗ ಒಲಿಂಪಿಕ್ಸ್ ಟೆನಿಸ್ ಆಡಿದ ಕಥೆ, ಎಲ್ಲರಿಗೂ ಇನ್ನೂ ತೆರೆಯದ ಗೇಟಿನ ಕಥೆ

ಹೈದರಾಬಾದ್ ಮತ್ತು ಟೆನಿಸ್ ಎಂದ ತಕ್ಷಣ ನೆನಪಾಗುವ ಹೆಸರು ಸಾನಿಯಾ ಮಿರ್ಜಾ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಸಾನಿಯಾ ಹುಟ್ಟುವುದಕ್ಕೆ 62 ವರ್ಷ ಮೊದಲೇ ಇದೇ ಊರಿನ ಯುವಕನೊಬ್ಬ ಒಲಿಂಪಿಕ್ಸ್‌ನ ಟೆನಿಸ್ ಕೋರ್ಟಿಗೆ ಇಳಿದಿದ್ದ. 1924ರ ಪ್ಯಾರಿಸ್ ಒಲಿಂಪಿಕ್ಸ್ ಅದು. ಆ ಯುವಕನ ಹೆಸರು ಸೈಯದ್ ಮೊಹಮ್ಮದ್ ಹಾದಿ.

ಹಾದಿ ಶ್ರೀಮಂತ ಮನೆಯ ಕುಡಿಯಾಗಿರಲಿಲ್ಲ. ತೀರಾ ಎಳವೆಯಲ್ಲೇ ತಂದೆಯ ಆಸರೆ ಕಳೆದುಕೊಂಡ ಹುಡುಗ. ಆಗಿನ ಕಾಲದಲ್ಲಿ ಟೆನಿಸ್ ಎಂದರೆ ಬ್ರಿಟಿಷ್ ಅಧಿಕಾರಿಗಳ, ನವಾಬರ, ಬ್ಯಾರಿಸ್ಟರ್‌ಗಳ ಸಂಜೆಯ ಆಟ. ಅಂಥ ಆಟದ ರಾಕೆಟ್ ಈ ಹುಡುಗನ ಕೈಗೆ ಬಂದದ್ದಾದರೂ ಹೇಗೆ? ಮುಂದೆ ದೊಡ್ಡವನಾದ ಮೇಲೆ, ತನ್ನಂಥ ಇತರ ಮಕ್ಕಳ ಕೈಗೆ ಆಟ ತಲುಪಿಸಲು ಆತ ಏನು ಮಾಡಿದ? ಆ ಪ್ರಯತ್ನದಲ್ಲಿ ಗೆದ್ದದ್ದೆಷ್ಟು, ಉಳಿದದ್ದೆಷ್ಟು?

ಹಾದಿ ಬದುಕನ್ನು ಇವತ್ತು ನೆನಪಿಸಿಕೊಳ್ಳಬೇಕಾಗಿರುವುದು ಈ ಮೂರು ಪ್ರಶ್ನೆಗಳಿಗಾಗಿಯೇ.

ಹೆಸರಿನಲ್ಲೇ ದಾರಿ!

ಕನ್ನಡಿಗರಿಗೆ ಈ ಹೆಸರು ಕೇಳಿದರೆ ಮೊದಲು ಹೊಳೆಯುವುದು ನಡೆಯುವ ಹಾದಿ. ಅರಬ್ಬಿ ಮೂಲದ ಆ ಪದಕ್ಕೆ ಉರ್ದುವಿನಲ್ಲಿರುವ ಅರ್ಥ ಬೇರೆ, ಆದರೆ ತೀರಾ ದೂರದ್ದೇನಲ್ಲ. ಅಲ್ಲಿ ಹಾದಿ ಎಂದರೆ ದಾರಿ ತೋರಿಸುವವನು.

ಕ್ರೀಡಾಲೋಕ ಅವರಿಗೆ ಇನ್ನೊಂದು ಹೆಸರನ್ನೂ ಕೊಟ್ಟಿತ್ತು: ರೇನ್‌ಬೋ ಹಾದಿ. ಅಂದರೆ ಕಾಮನಬಿಲ್ಲು ಹಾದಿ. ಕಾಮನಬಿಲ್ಲಿಗೆ ಏಳು ಬಣ್ಣ, ಹಾದಿಗೆ ಏಳು ಆಟ. ಟೆನಿಸ್, ಕ್ರಿಕೆಟ್, ಹಾಕಿ, ಫುಟ್‌ಬಾಲ್, ಟೇಬಲ್ ಟೆನಿಸ್, ಪೋಲೊ ಮತ್ತು ಚೆಸ್. ಇವತ್ತು ಒಂದು ಆಟದಲ್ಲಿ ರಾಜ್ಯ ಮಟ್ಟಕ್ಕೆ ಹೋಗಲು ಮಕ್ಕಳು ಆರೇಳು ವರ್ಷದಿಂದಲೇ ಬೆವರು ಸುರಿಸಬೇಕು. ಒಬ್ಬರೇ ಏಳು ಆಟಗಳಲ್ಲಿ ಪಳಗಿದ್ದರು ಎಂದರೆ ಈಗಿನ ಕಾಲಕ್ಕೆ ನಂಬುವುದೂ ಕಷ್ಟ.

ಬಷೀರ್‌ಬಾಗ್‌ನ ದೊಡ್ಡ ಮನೆ

ಹಾದಿ ಹುಟ್ಟಿದ್ದು 1899ರ ಆಗಸ್ಟ್ 12ರಂದು, ಹೈದರಾಬಾದ್‌ನಲ್ಲಿ. ಆಗ ಸಂಸ್ಥಾನವನ್ನು ಆಳುತ್ತಿದ್ದವರು ಆರನೇ ನಿಜಾಮ ಮೆಹಬೂಬ್ ಅಲಿ ಖಾನ್. ತಂದೆ ತೀರಿಕೊಂಡ ಮೇಲೆ ಮಗುವನ್ನು ಬೆಳೆಸಿದ್ದು ಸರ್ ಅಸ್ಮಾನ್ ಜಾ ಅವರ ಮನೆತನ. ಅಸ್ಮಾನ್ ಜಾ ಎಂದರೆ ಸಾಮಾನ್ಯ ಜಮೀನ್ದಾರರಲ್ಲ. 1887ರಿಂದ ಕೆಲವು ವರ್ಷ ನಿಜಾಮರ ಪ್ರಧಾನಿಯಾಗಿದ್ದವರು. ಬಷೀರ್‌ಬಾಗ್ ಅರಮನೆಯನ್ನು ಕಟ್ಟಿಸಿದವರೂ ಅವರೇ. ಹಾದಿ ಹುಟ್ಟುವ ಮೊದಲೇ ಅವರು ತೀರಿಕೊಂಡಿದ್ದರು. ಆದರೆ ಮನೆಯ ವೈಭವ ಹಾಗೇ ಇತ್ತು.

ಅವರ ಮಗ ನವಾಬ್ ಮೊಯಿನ್ ಉದ್ದೌಲಾ ಕ್ರೀಡೆಯ ಹುಚ್ಚಿದ್ದವರು. ಕ್ರಿಕೆಟ್ ಪ್ರಿಯರಿಗೆ ಈ ಹೆಸರು ಗೊತ್ತಿರುತ್ತದೆ. 1930ರ ದಶಕದ ಆರಂಭದಲ್ಲಿ ಸಿಕಂದರಾಬಾದ್‌ನಲ್ಲಿ ಶುರುವಾದ ಮೊಯಿನ್ ಉದ್ದೌಲಾ ಗೋಲ್ಡ್ ಕಪ್ ಟೂರ್ನಿಗೆ ಹೆಸರು ಬಂದದ್ದು ಇವರಿಂದಲೇ.

ಇಂಥ ಮನೆಯಲ್ಲಿ ಬೆಳೆದ ಹುಡುಗನಿಗೆ ಏನೇನು ಸಿಕ್ಕಿರಬಹುದು ಎಂದು ಯೋಚಿಸಿ. ಸವಾರಿಗೆ ಕುದುರೆ, ಪೋಲೊಗೆ ಮೈದಾನ, ಕಲಿಸಲು ಜನ, ಆಡಲು ಪುರುಸೊತ್ತು. ಹಾದಿ ಕುದುರೆ ಸವಾರಿ ಕಲಿತರು, ಪೋಲೊ ಆಡಿದರು, ಒಂದೊಂದಾಗಿ ಉಳಿದ ಆಟಗಳಿಗೂ ಕೈ ಹಾಕಿದರು. ಪ್ರತಿಭೆ ಅವರದೇ. ಆದರೆ ಅದನ್ನು ಪರೀಕ್ಷಿಸಿ ನೋಡಲು ಸಿಕ್ಕ ಅಂಗಳ ಮಾತ್ರ ಇನ್ನೊಬ್ಬರ ಕೊಡುಗೆ.

ಅದೇ ವರ್ಷ ಹಳೇ ನಗರದ ಗಲ್ಲಿಯಲ್ಲಿ, ಮೂಸಿ ನದಿಯ ದಡದಲ್ಲಿ ಹುಟ್ಟಿದ ಬೇರೆ ಹುಡುಗರ ನಡುವೆಯೂ ಇಂಥ ಪ್ರತಿಭೆ ಇದ್ದಿರಬಹುದು. ಅವರ ಪಾಲಿಗೆ ಬಷೀರ್‌ಬಾಗ್‌ನ ಗೇಟು ತೆರೆಯಲಿಲ್ಲ. ಹಾದಿಗೆ ತೆರೆಯಿತು. ವ್ಯತ್ಯಾಸ ಇಷ್ಟೇ.

ಟೆನಿಸ್ ಯಾಕೆ ದೊಡ್ಡವರ ಆಟವಾಯ್ತು?

ಈಗ ನಾವು ನೋಡುವ ಲಾನ್ ಟೆನಿಸ್ ಅಷ್ಟೇನೂ ಹಳೆಯ ಆಟವಲ್ಲ. ಇಂಗ್ಲೆಂಡ್‌ನಲ್ಲಿ ವಾಲ್ಟರ್ ವಿಂಗ್‌ಫೀಲ್ಡ್ ಎಂಬ ಸೇನಾಧಿಕಾರಿ ಈ ಆಟದ ಸಲಕರಣೆಗೆ ಪೇಟೆಂಟ್ ಪಡೆದದ್ದು 1874ರಲ್ಲಿ. ಮೊದಲ ವಿಂಬಲ್ಡನ್ ನಡೆದದ್ದು 1877ರಲ್ಲಿ. ಬ್ರಿಟಿಷರ ಜೊತೆ ಆಟವೂ ಹಡಗು ಹತ್ತಿ ಭಾರತಕ್ಕೆ ಬಂತು. ಮೊದಲು ಬೇರೂರಿದ್ದು ದಂಡು ಪ್ರದೇಶಗಳಲ್ಲಿ ಮತ್ತು ಕ್ಲಬ್ಬುಗಳಲ್ಲಿ. ಹೈದರಾಬಾದ್ ಪಕ್ಕದ ಸಿಕಂದರಾಬಾದ್ ದೊಡ್ಡ ದಂಡು ಪ್ರದೇಶವಾಗಿದ್ದರಿಂದ ಈ ಭಾಗಕ್ಕೂ ಆಟ ಬೇಗನೇ ತಲುಪಿತು.

ಆದರೆ ಬಂದ ಆಟ ಕಾಂಪೌಂಡ್ ದಾಟಿ ಬೀದಿಗೆ ಇಳಿಯಲಿಲ್ಲ. ಇದಕ್ಕೆ ಲೆಕ್ಕಾಚಾರವೂ ಕಾರಣ. ಟೆನಿಸ್ ಕೋರ್ಟಿನ ಗೆರೆಗಳ ಒಳಗಿನ ಜಾಗವೇ 23.77 ಮೀಟರ್ ಉದ್ದ, 10.97 ಮೀಟರ್ ಅಗಲ. ಆಟಗಾರ ಹಿಂದೆ ಮುಂದೆ ಓಡಲು ಸುತ್ತಲೂ ಇನ್ನಷ್ಟು ಜಾಗ ಬೇಕು. ಇಷ್ಟೆಲ್ಲ ಜಾಗದಲ್ಲಿ ಒಮ್ಮೆಗೆ ಆಡುವವರು ಇಬ್ಬರು, ಹೆಚ್ಚೆಂದರೆ ನಾಲ್ವರು. ಕಬಡ್ಡಿಗಾದರೆ ಇದಕ್ಕಿಂತ ಚಿಕ್ಕ ಅಂಕಣದಲ್ಲಿ 14 ಮಂದಿ ಇಳಿಯುತ್ತಾರೆ.

ಜಾಗ ಸಿಕ್ಕರೂ ಖರ್ಚು ಮುಗಿಯುವುದಿಲ್ಲ. ನೆಲವನ್ನು ದಿನವೂ ಸಮ ಮಾಡಬೇಕು, ನೀರು ಚಿಮುಕಿಸಬೇಕು, ರೋಲರ್ ಎಳೆಯಬೇಕು, ಸುಣ್ಣದ ಗೆರೆ ಹಾಕಬೇಕು. ಹಾದಿ ಕಾಲದಲ್ಲಿ ರಾಕೆಟ್ ಮರದ್ದು, ಅದರ ತಂತಿ ಪ್ರಾಣಿಗಳ ಕರುಳಿನದ್ದು. ಮಳೆಯ ತೇವ ತಗುಲಿದರೆ ಎರಡೂ ಹಾಳು. ಚೆಂಡು ಕೆಲವೇ ದಿನಗಳಲ್ಲಿ ಪುಟಿಯುವ ಶಕ್ತಿ ಕಳೆದುಕೊಳ್ಳುತ್ತದೆ. ಕೂಲಿ ಮಾಡುವವರ ಮನೆಯ ಮಗುವಿಗೆ ಇದು ಎಟುಕುವ ಮಾತೇ?

ಬಡವರ ಮಕ್ಕಳು ಟೆನಿಸ್ ಕೋರ್ಟಿನ ಒಳಗೆ ಇರಲಿಲ್ಲ ಎಂದಲ್ಲ. ಇದ್ದರು. ಚೆಂಡು ಹೆಕ್ಕಿಕೊಡಲು, ರೋಲರ್ ಎಳೆಯಲು ಇದ್ದರು.

ಕೇಂಬ್ರಿಜ್‌ನಿಂದ ಡೇವಿಸ್ ಕಪ್‌ಗೆ

ಹಾದಿಗೆ ಸಿಕ್ಕ ಎರಡನೇ ಅವಕಾಶ ಇಂಗ್ಲೆಂಡ್‌ನಲ್ಲಿ ಓದು. ಕೇಂಬ್ರಿಜ್ ವಿಶ್ವವಿದ್ಯಾಲಯದ ಪೀಟರ್‌ಹೌಸ್ ಕಾಲೇಜು ಸೇರಿದ ಅವರು ಅಲ್ಲೂ ಒಂದೇ ಆಟಕ್ಕೆ ಅಂಟಿಕೊಳ್ಳಲಿಲ್ಲ. ಹಲವು ಆಟಗಳಲ್ಲಿ ವಿಶ್ವವಿದ್ಯಾಲಯದ ಪರ ಆಡಿದರು. ಟೆನಿಸ್‌ನಲ್ಲಿ ಬ್ಲೂ ಗೌರವ ಪಡೆದರು. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ ಅತ್ಯುತ್ತಮ ಆಟಗಾರರಿಗೆ ಸಲ್ಲುವ ಮನ್ನಣೆ ಅದು.

ಭಾರತದ ಟೆನಿಸ್ ಆಗಷ್ಟೇ ಕಣ್ಣು ಬಿಡುತ್ತಿತ್ತು. 1920ರಲ್ಲಿ ಅಖಿಲ ಭಾರತ ಲಾನ್ ಟೆನಿಸ್ ಸಂಸ್ಥೆ ಹುಟ್ಟಿತು. ಮರುವರ್ಷವೇ ಭಾರತ ಮೊದಲ ಬಾರಿಗೆ ಡೇವಿಸ್ ಕಪ್‌ಗೆ ಇಳಿದು, ಫ್ರಾನ್ಸ್ ತಂಡವನ್ನು ಸೋಲಿಸಿ ಅಚ್ಚರಿ ಮೂಡಿಸಿತು. ಹಾದಿ ಭಾರತದ ಪರ ಡೇವಿಸ್ ಕಪ್ ಆಡಿದ್ದು 1924 ಮತ್ತು 1925ರಲ್ಲಿ. ವಿಂಬಲ್ಡನ್ ಹುಲ್ಲಿನ ಅಂಗಣದಲ್ಲೂ ಅವರು ಆಡಿದರು.

1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಟೆನಿಸ್ ತಂಡವೂ ಇತ್ತು. ಹಾದಿ ಜೊತೆಗಿದ್ದವರು ಯಾರು ಎಂದು ನೋಡಿದರೆ ಆ ಕಾಲದ ಟೆನಿಸ್ ಯಾರ ಕೈಯಲ್ಲಿತ್ತು ಎಂಬುದು ತಾನೇ ಗೊತ್ತಾಗುತ್ತದೆ. ಸಿಂಗಲ್ಸ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿದ ಸಿಡ್ನಿ ಜೇಕಬ್ ಐಸಿಎಸ್ ಅಧಿಕಾರಿ. ಮೊಹಮ್ಮದ್ ಸಲೀಂ ಲಾಹೋರ್‌ನ ಬ್ಯಾರಿಸ್ಟರ್. ಇಂಗ್ಲೆಂಡ್‌ನ ಓದು, ದೊಡ್ಡ ಹುದ್ದೆ, ಕ್ಲಬ್ಬಿನ ಸದಸ್ಯತ್ವ. ದೇಶಕ್ಕೆ ಆಡುವವರ ಜೇಬಿನಲ್ಲಿ ಇವು ಮೂರೂ ಇರುತ್ತಿದ್ದವು.

ಅಂದಹಾಗೆ, ಪ್ಯಾರಿಸ್ ಕೂಟದ ನಂತರ ಒಲಿಂಪಿಕ್ಸ್‌ನಿಂದ ಟೆನಿಸ್ ಅನ್ನೇ ಕೈಬಿಡಲಾಯಿತು. ಪದಕದ ಆಟವಾಗಿ ಅದು ಮತ್ತೆ ಬಂದದ್ದು 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ. ಅಂದರೆ ಹಾದಿ ಪೀಳಿಗೆಯ ನಂತರ 64 ವರ್ಷ ಭಾರತದ ಯಾವ ಟೆನಿಸ್ ಆಟಗಾರನಿಗೂ ಒಲಿಂಪಿಕ್ಸ್ ಪದಕಕ್ಕೆ ಆಡುವ ಅವಕಾಶವೇ ಇರಲಿಲ್ಲ.

ರಣಜಿ ಟ್ರೋಫಿಯ ಮೊದಲ ಶತಕ

ಊರಿಗೆ ಮರಳಿದ ಹಾದಿ ಮತ್ತೊಂದು ಆಟದಲ್ಲಿ ಅಳಿಸಲಾಗದ ದಾಖಲೆ ಬರೆದರು. 1934ರ ನವೆಂಬರ್‌ನಲ್ಲಿ ರಣಜಿ ಟ್ರೋಫಿ ಆರಂಭವಾಯಿತು. ಟೂರ್ನಿಯ ಮೊದಲ ಪಂದ್ಯದ ನೋವು ಕನ್ನಡಿಗರಿಗೆ ನೆನಪಿರಬಹುದು. ಮದರಾಸಿನ ಚೆಪಾಕ್‌ನಲ್ಲಿ ಮೈಸೂರು ತಂಡ 48 ಮತ್ತು 59 ರನ್‌ಗಳಿಗೆ ಕುಸಿದು, ಒಂದೇ ದಿನದಲ್ಲಿ ಸೋತಿತ್ತು.

ನಂತರ ಅದೇ ಮದರಾಸ್ ತಂಡ ಸಿಕಂದರಾಬಾದ್‌ನಲ್ಲಿ ಹೈದರಾಬಾದ್ ವಿರುದ್ಧ ಆಡಿತು. 35 ದಾಟಿದ್ದ ಹಾದಿ ಅಲ್ಲಿ ಔಟಾಗದೆ 132 ರನ್ ಹೊಡೆದರು. ರಣಜಿ ಟ್ರೋಫಿ ಇತಿಹಾಸದ ಮೊಟ್ಟ ಮೊದಲ ಶತಕ ಅದು. ಆ ಬಳಿಕ ಸಾವಿರಾರು ಶತಕಗಳು ಬಂದಿವೆ, ಬರುತ್ತಲೇ ಇರುತ್ತವೆ. ಮೊದಲನೆಯದು ಮಾತ್ರ ಒಬ್ಬ ಟೆನಿಸ್ ಆಟಗಾರನದ್ದು! 1936ರಲ್ಲಿ ಭಾರತ ಕ್ರಿಕೆಟ್ ತಂಡ ಇಂಗ್ಲೆಂಡ್ ಪ್ರವಾಸಕ್ಕೆ ಹೋದಾಗ ಹಾದಿ ಖಜಾಂಚಿಯಾಗಿ ತಂಡದ ಜೊತೆ ಹೋಗಿದ್ದರು.

ಆಟಗಾರನ ಕಥೆಯಾಗಿದ್ದರೆ ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಹಾದಿ ಬದುಕಿನ ತೂಕದ ಭಾಗ ಶುರುವಾಗುವುದು ಇಲ್ಲಿಂದಲೇ.

ಅರಮನೆ ಬಿಟ್ಟು ಶಾಲೆಯ ಬಯಲಿಗೆ

ಹಾದಿ ಹೈದರಾಬಾದ್ ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿ ದೈಹಿಕ ಶಿಕ್ಷಣದ ಹೊಣೆ ಹೊತ್ತರು, ಅದರ ನಿರ್ದೇಶಕರಾದರು. ಶಾಲೆಗಳಲ್ಲಿ ಆಟಕ್ಕೊಂದು ವ್ಯವಸ್ಥೆ ಬೇಕು ಎಂಬ ಯೋಚನೆ ದೇಶದಲ್ಲಿ ಆಗಷ್ಟೇ ಚಿಗುರೊಡೆದಿತ್ತು. ಮದರಾಸಿನಲ್ಲಿ 1920ರಲ್ಲಿ ಎಚ್.ಸಿ. ಬಕ್ ಅವರು ವೈಎಂಸಿಎ ದೈಹಿಕ ಶಿಕ್ಷಣ ಶಾಲೆ ಆರಂಭಿಸಿದ್ದರು. ಹೈದರಾಬಾದ್‌ನಲ್ಲಿ 1931ರಲ್ಲಿ ಸರ್ಕಾರಿ ದೈಹಿಕ ಶಿಕ್ಷಣ ಕಾಲೇಜು ಬಂತು. ಕಲ್ಕತ್ತಾದಲ್ಲಿ ಇಂಥ ಸರ್ಕಾರಿ ಕಾಲೇಜು ತೆರೆದದ್ದು ಅದರ ಮರುವರ್ಷ.

ಈ ಕಾಲೇಜುಗಳಿಂದ ಹೊರಬಂದವರೇ ನಮ್ಮ ಅಜ್ಜಂದಿರು ಡ್ರಿಲ್ ಮಾಸ್ಟರ್ ಎಂದು ಕರೆಯುತ್ತಿದ್ದ, ನಾವು ಪಿಟಿ ಮೇಷ್ಟ್ರು ಎಂದು ಕರೆಯುವ ಶಿಕ್ಷಕರು. ಸಣ್ಣ ಬದಲಾವಣೆ ಎನಿಸಬಹುದು. ಆದರೆ ಪಿಟಿ ಪೀರಿಯಡ್‌ನ ಗಂಟೆ ಬಾರಿಸಿದಾಗ ಯಾರ ಅಪ್ಪ ಯಾರು ಎಂದು ಯಾರೂ ಕೇಳುವುದಿಲ್ಲ. ಒಂದು ಬಯಲು, ಒಂದು ಚೆಂಡು, ಒಬ್ಬ ಮೇಷ್ಟ್ರು. ತರಗತಿಯ ಅಷ್ಟೂ ಮಕ್ಕಳು ಒಟ್ಟಿಗೆ ಹೊರಗೆ. ಹಾದಿಗೆ ಒಬ್ಬ ನವಾಬರ ಮನೆ ಕೊಟ್ಟದ್ದನ್ನು ಸಾವಿರಾರು ಮಕ್ಕಳಿಗೆ ಕೊಡಬಲ್ಲ ಜಾಗ ಶಾಲೆಯೊಂದೇ ಆಗಿತ್ತು.

ಇದರಲ್ಲಿ ಕನ್ನಡದ ನಂಟೂ ಇದೆ. ಇಂದಿನ ಕಲ್ಯಾಣ ಕರ್ನಾಟಕದ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಆಗ ನಿಜಾಮರ ಆಳ್ವಿಕೆಯಲ್ಲೇ ಇದ್ದವು. ಅಲ್ಲಿನ ಸರ್ಕಾರಿ ಶಾಲೆಗಳ ಕಡತ ಹೋಗುತ್ತಿದ್ದದ್ದು ಹೈದರಾಬಾದ್‌ನ ಇದೇ ಶಿಕ್ಷಣ ಇಲಾಖೆಗೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು ಎಂದು ಬೆಳೆದ ಆ ಪೀಳಿಗೆಯ ಮಕ್ಕಳಿಗೂ ಹಾದಿ ಇದ್ದ ಇಲಾಖೆಯೇ ಆಟದ ಇಲಾಖೆ.

ಫುಟ್‌ಬಾಲ್ ಗೆದ್ದಿತು, ಟೆನಿಸ್ ಉಳಿಯಿತು

1939ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆ ಹುಟ್ಟಿಕೊಂಡಾಗ ಅದರ ಅಧ್ಯಕ್ಷರಾದವರು ಹಾದಿ. ಕೆಲವೇ ವರ್ಷಗಳಲ್ಲಿ ಅದೇ ಸಂಸ್ಥೆಯ ಕಾರ್ಯದರ್ಶಿಯಾದವರು ಸೈಯದ್ ಅಬ್ದುಲ್ ರಹೀಂ. ಇತ್ತೀಚೆಗೆ ಹಿಂದಿ ಸಿನಿಮಾದ ಮೂಲಕ ಮತ್ತೆ ಮನೆಮಾತಾದ ಅದೇ ರಹೀಂ ಸಾಹೇಬ್.

ರಹೀಂ ವೃತ್ತಿಯಿಂದ ಶಾಲಾ ಶಿಕ್ಷಕರು. ಅವರು ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತು. ಅವರ ತರಬೇತಿಯಲ್ಲಿ ಭಾರತ 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಿತು. 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆಯಿತು. ಆ ತಂಡಗಳಲ್ಲಿ ಹೈದರಾಬಾದ್ ಹುಡುಗರದ್ದೇ ದೊಡ್ಡ ಪಾಲು. ಅವರಲ್ಲಿ ನವಾಬರ ಮಕ್ಕಳನ್ನು ಹುಡುಕಿದರೂ ಸಿಗುವುದಿಲ್ಲ. ಸಾಧಾರಣ ಮನೆಗಳಿಂದ ಬಂದು, ಬಯಲುಗಳಲ್ಲಿ ಬರಿಗಾಲಲ್ಲಿ ಆಡಿ ಬೆಳೆದವರು.

ಒಂದೇ ಊರು, ಒಂದೇ ಕಾಲ. ಶಾಲೆ ಮತ್ತು ಬಯಲಿನ ದಾರಿಯಲ್ಲಿ ಫುಟ್‌ಬಾಲ್ ಜನರ ಆಟವಾಯಿತು. ಹಾದಿ ದೇಶವನ್ನು ಪ್ರತಿನಿಧಿಸಿದ ಟೆನಿಸ್ ಮಾತ್ರ ಕ್ಲಬ್ಬಿನ ಕಾಂಪೌಂಡ್ ಒಳಗೇ ಉಳಿಯಿತು.

ಇದನ್ನು ಹಾದಿ ಸೋಲು ಎನ್ನಲಾಗದು. ಚೆಂಡೊಂದಿದ್ದರೆ 22 ಮಂದಿ ಫುಟ್‌ಬಾಲ್ ಆಡಬಹುದು. ನಾಲ್ವರಿಗಾಗಿ ಅಷ್ಟು ಜಾಗ, ಅಷ್ಟು ರಾಕೆಟ್, ಅಷ್ಟು ಚೆಂಡು ಕೊಡಲು ಯಾವ ಸರ್ಕಾರಿ ಶಾಲೆಯ ಬಜೆಟ್ಟೂ ಒಪ್ಪುತ್ತಿರಲಿಲ್ಲ. ಆದರೆ ಶಾಲೆಯ ಗಂಟೆ ಎಷ್ಟು ದೂರ ಕೇಳಿಸುತ್ತದೆ, ಎಲ್ಲಿಂದಾಚೆ ಕೇಳಿಸುವುದಿಲ್ಲ ಎಂಬುದನ್ನು ಅವರ ಬದುಕು ಎದುರಿಗಿಟ್ಟು ತೋರಿಸುತ್ತದೆ.

ಸ್ವಾತಂತ್ರ್ಯದ ನಂತರ

1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು. 1956ರಲ್ಲಿ ರಾಜ್ಯ ಮೂರು ಭಾಗವಾಗಿ, ಕನ್ನಡ ಜಿಲ್ಲೆಗಳು ಅಂದಿನ ಮೈಸೂರು ರಾಜ್ಯಕ್ಕೆ ಬಂದವು. ನವಾಬರ ಕಾಲ ಮುಗಿಯಿತು. ಅವರ ಮನೆಗಳಲ್ಲಿ ಆಟಗಾರರನ್ನು ಸಾಕಿ ಬೆಳೆಸುವ ಪದ್ಧತಿಯೂ ಕ್ರಮೇಣ ನಿಂತಿತು. ಇನ್ನು ಮುಂದೆ ಬಡ ಹುಡುಗನೊಬ್ಬನಿಗೆ ರಾಕೆಟ್ ಕೊಡಬೇಕಾದವರು ಯಾರು? ಸರ್ಕಾರವೇ, ಸಂಘ ಸಂಸ್ಥೆಗಳೇ, ಕಂಪನಿಗಳೇ?

ಹೊಸ ದೇಶ ಈ ಪ್ರಶ್ನೆಗೆ ಉತ್ತರ ಹುಡುಕತೊಡಗಿತ್ತು. 1953ರಲ್ಲಿ ಕೇಂದ್ರ ಸಚಿವೆ ರಾಜಕುಮಾರಿ ಅಮೃತ್ ಕೌರ್ ಹೆಸರಿನ ಕ್ರೀಡಾ ತರಬೇತಿ ಯೋಜನೆ ಬಂತು. 1954ರಲ್ಲಿ ಅಖಿಲ ಭಾರತ ಕ್ರೀಡಾ ಮಂಡಳಿ ಸ್ಥಾಪನೆಯಾಯಿತು. ಶಾಲಾ ಮಕ್ಕಳ ಕ್ರೀಡಾಕೂಟ ನಡೆಸುವ ಸ್ಕೂಲ್ ಗೇಮ್ಸ್ ಫೆಡರೇಷನ್ ಹುಟ್ಟಿದ್ದೂ ಅದೇ ವರ್ಷ. ಹಾದಿ ದೆಹಲಿಗೆ ಹೋದರು. ಅಖಿಲ ಭಾರತ ಕ್ರೀಡಾ ಮಂಡಳಿಯ ಕಾರ್ಯದರ್ಶಿಯಾಗಿ ಕೆಲಸ ಮಾಡಿದರು. ಸಂಸ್ಥಾನದ ಶಾಲೆಗಳಲ್ಲಿ ಪಡೆದ ಅನುಭವವನ್ನು ಇಡೀ ದೇಶದ ಮಟ್ಟಕ್ಕೆ ಕೊಂಡೊಯ್ದ ಕೆಲಸ ಅದು. ಮೈದಾನದಲ್ಲಿ ಚಪ್ಪಾಳೆ ಗಿಟ್ಟಿಸಿದ ವ್ಯಕ್ತಿ, ಚಪ್ಪಾಳೆ ಸಿಗದ ಕಡತಗಳ ನಡುವೆಯೂ ಆಟಕ್ಕಾಗಿಯೇ ದುಡಿದರು.

1971ರಲ್ಲಿ ಹಾದಿ ತೀರಿಕೊಂಡರು.

ಸಾನಿಯಾ ಮತ್ತು ನಂತರ

ಹಾದಿ ನಂತರ ಹೈದರಾಬಾದ್ ಟೆನಿಸ್ ನಿಂತುಹೋಗಲಿಲ್ಲ. ಎಸ್.ಪಿ. ಮಿಶ್ರಾ ಡೇವಿಸ್ ಕಪ್ ಆಡಿದರು, ಮುಂದೆ ತಂಡದ ನಾಯಕತ್ವವನ್ನೂ ವಹಿಸಿದರು. ಆರನೇ ವಯಸ್ಸಿಗೆ ನಿಜಾಮ್ ಕ್ಲಬ್‌ನಲ್ಲಿ ರಾಕೆಟ್ ಹಿಡಿದ ಸಾನಿಯಾ, 2003ರಲ್ಲಿ ತಮ್ಮೂರಲ್ಲೇ ನಡೆದ ಆಫ್ರೋ-ಏಷ್ಯನ್ ಗೇಮ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದರು. 2005ರಲ್ಲಿ ಹೈದರಾಬಾದ್ ಓಪನ್ ಗೆದ್ದು, ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಮಹಿಳೆಯಾದರು. ಡಬಲ್ಸ್ ಮತ್ತು ಮಿಶ್ರ ಡಬಲ್ಸ್ ಸೇರಿ ಆರು ಗ್ರ್ಯಾಂಡ್ ಸ್ಲಾಮ್ ಅವರ ಹೆಸರಿನಲ್ಲಿವೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಲಿಯಾಂಡರ್ ಪೇಸ್ ಜೊತೆ ಡಬಲ್ಸ್ ಆಡಿದ ವಿಷ್ಣುವರ್ಧನ್ ಕೂಡ ಇದೇ ಊರಿನವರು.

2023ರ ಮಾರ್ಚ್‌ನಲ್ಲಿ ಸಾನಿಯಾ ತವರಿನ ಅಭಿಮಾನಿಗಳ ಮುಂದೆ ಕೊನೆಯ ಪ್ರದರ್ಶನ ಪಂದ್ಯ ಆಡಿದ್ದು ಲಾಲ್ ಬಹದ್ದೂರ್ ಕ್ರೀಡಾಂಗಣದ ಟೆನಿಸ್ ಕೋರ್ಟಿನಲ್ಲಿ. ಹಳಬರ ಬಾಯಲ್ಲಿ ಅದು ಇವತ್ತಿಗೂ ಫತೇ ಮೈದಾನ. ಬಷೀರ್‌ಬಾಗ್ ಅರಮನೆ ಇದ್ದದ್ದು ಅದರ ಪಕ್ಕದಲ್ಲೇ. ಅರಮನೆ ಈಗ ಇಲ್ಲ. ಆ ಜಾಗದಲ್ಲಿ ವಾಹನಗಳ ಸದ್ದು ತುಂಬಿದ ಬಡಾವಣೆ ಇದೆ, ಹೆಸರೊಂದೇ ಉಳಿದಿದೆ. ಸಾನಿಯಾ ಆಟ ಕಲಿತ ನಿಜಾಮ್ ಕ್ಲಬ್ ಕೂಡ ಅಲ್ಲಿಂದ ಹೆಚ್ಚು ದೂರವಿಲ್ಲ.

ಹಾದಿಯಿಂದ ಸಾನಿಯಾವರೆಗೆ ಸುಮಾರು ಒಂದು ಶತಮಾನ ಕಳೆದಿದೆ. ಆಟ ಮಾತ್ರ ಅದೇ ಆಸುಪಾಸಿನಲ್ಲೇ ಸುತ್ತಿದೆ. ಸಾನಿಯಾ 2013ರಲ್ಲಿ ನಗರದ ಹೊರವಲಯದಲ್ಲಿ ತಮ್ಮದೇ ಅಕಾಡೆಮಿ ತೆರೆದರು. ಅಂಥ ಇನ್ನೂ ಹಲವು ಅಕಾಡೆಮಿಗಳು ನಗರದಲ್ಲಿವೆ. ಆದರೆ ಮಗುವೊಂದು ಅಲ್ಲಿ ಮುಂದುವರಿಯಬೇಕೆಂದರೆ ಶುಲ್ಕ, ರಾಕೆಟ್, ಶೂ, ಟೂರ್ನಿಗಳಿಗೆ ಊರೂರು ಸುತ್ತುವ ಖರ್ಚು, ದಿನಾ ಕರೆದೊಯ್ದು ಕರೆತರಲು ಮನೆಯಲ್ಲೊಬ್ಬರ ಬಿಡುವು, ಎಲ್ಲವೂ ಬೇಕು. ಬೆಂಗಳೂರಿನ ಕಬ್ಬನ್ ಪಾರ್ಕ್ ಪಕ್ಕದ ಕೋರ್ಟುಗಳಿಗೆ ಮಕ್ಕಳನ್ನು ಕರೆತರುವ ಪೋಷಕರಿಗೂ ಈ ಲೆಕ್ಕ ಚೆನ್ನಾಗಿ ಗೊತ್ತು.

ಮೈದಾನದೊಳಗಿನ ಮನೆ

ಇದು ಹೈದರಾಬಾದ್‌ಗೆ ಮಾತ್ರ ಸೀಮಿತವಾದ ಕಥೆಯಲ್ಲ. ಅಮೆರಿಕದ ರಿಚ್‌ಮಂಡ್ ನಗರದಲ್ಲಿ 1943ರಲ್ಲಿ ಹುಟ್ಟಿದ ಆರ್ಥರ್ ಆ್ಯಶ್ ಅವರ ತಂದೆ, ಕಪ್ಪು ಜನರಿಗೆ ಮೀಸಲಾಗಿದ್ದ ಸಾರ್ವಜನಿಕ ಮೈದಾನವೊಂದರ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಮನೆಯೂ ಆ ಮೈದಾನದ ಒಳಗೇ ಇತ್ತು, ಪಕ್ಕದಲ್ಲೇ ಟೆನಿಸ್ ಕೋರ್ಟು. ಬಾಗಿಲು ತೆರೆದರೆ ಆಟ. ನಗರದ ಬಿಳಿಯರ ಕೋರ್ಟುಗಳಲ್ಲಿ ಪ್ರವೇಶವಿಲ್ಲದಿದ್ದರೂ ಆ ಹುಡುಗ 1975ರಲ್ಲಿ ವಿಂಬಲ್ಡನ್ ಗೆದ್ದ.

ನವಾಬರ ಮನೆಯ ಹಾದಿ, ಉಸ್ತುವಾರಿಯವರ ಮನೆಯ ಆ್ಯಶ್. ಹಿನ್ನೆಲೆ ಎಷ್ಟೇ ಬೇರೆಯಾದರೂ ಒಂದು ವಿಷಯ ಇಬ್ಬರಿಗೂ ಸಮಾನ. ಆಟದ ಅಂಗಳ ಮನೆಯ ಹತ್ತಿರವೇ ಇತ್ತು, ಬಾಗಿಲಲ್ಲಿ ಯಾರೂ ತಡೆಯಲಿಲ್ಲ.

ಆ್ಯಶ್ ತಮಗೆ ಸಿಕ್ಕ ಅದೃಷ್ಟವನ್ನು ವ್ಯವಸ್ಥೆಯಾಗಿ ಬದಲಿಸಲು ನೋಡಿದರು. 1969ರಲ್ಲಿ ಇಬ್ಬರು ಗೆಳೆಯರ ಜೊತೆ ಸೇರಿ, ನಗರದ ಬಡ ಬಡಾವಣೆಗಳ ಮಕ್ಕಳಿಗೆ ಟೆನಿಸ್ ಕಲಿಸುವ ನ್ಯಾಷನಲ್ ಜೂನಿಯರ್ ಟೆನಿಸ್ ಲೀಗ್ ಕಟ್ಟಿದರು. ಅವರು 1993ರಲ್ಲಿ ತೀರಿಕೊಂಡರು, ಲೀಗ್ ಇವತ್ತಿಗೂ ನಡೆಯುತ್ತಿದೆ. ಆಟವನ್ನು ಶಾಲೆಗೆ ತರಲಾಗದಿದ್ದರೆ ಬಡಾವಣೆಯ ಪಾರ್ಕಿಗೆ ತರಬಹುದು ಎಂಬುದಕ್ಕೆ ಇದು ಸಾಕ್ಷಿ.

ಈಗ ದಾರಿ ಸುಲಭವಾಗಿದೆಯೇ?

ಹಾದಿ ಕಾಲದಲ್ಲಿ ಇಲ್ಲದ ಒಂದು ಅನುಕೂಲ ಈಗ ಇದೆ. ಅಂತಾರಾಷ್ಟ್ರೀಯ ಟೆನಿಸ್ ಫೆಡರೇಷನ್ 2007ರಿಂದ ಮಕ್ಕಳಿಗಾಗಿ ನಿಧಾನ ಚೆಂಡುಗಳ ಪದ್ಧತಿಯನ್ನು ಪ್ರಚಾರ ಮಾಡುತ್ತಿದೆ. ಕೆಂಪು ಚೆಂಡು ಮಾಮೂಲಿ ಚೆಂಡಿಗಿಂತ ಶೇ 75ರಷ್ಟು ನಿಧಾನ, ಕಿತ್ತಳೆ ಶೇ 50ರಷ್ಟು, ಹಸಿರು ಶೇ 25ರಷ್ಟು. 2012ರಿಂದ 10 ವರ್ಷದೊಳಗಿನವರ ಪಂದ್ಯಗಳಲ್ಲಿ ಈ ನಿಧಾನ ಚೆಂಡುಗಳನ್ನೇ ಬಳಸಬೇಕೆಂಬ ನಿಯಮ ಬಂದಿದೆ.

ಇದರ ಲಾಭ ಏನು ಗೊತ್ತೇ? ಕೆಂಪು ಚೆಂಡಿನ ಆಟಕ್ಕೆ ಸುಮಾರು 11 ಮೀಟರ್ ಉದ್ದ, ಐದಾರು ಮೀಟರ್ ಅಗಲದ ಜಾಗ ಸಾಕು. ಒಂದು ದೊಡ್ಡ ಕೋರ್ಟಿನಲ್ಲಿ ಇಂಥ ನಾಲ್ಕು ಪುಟ್ಟ ಕೋರ್ಟು ಹಾಕಬಹುದು. ಶಾಲೆಯ ಸಿಮೆಂಟ್ ಅಂಗಳದಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಎರಡು ಕುರ್ಚಿಗಳ ನಡುವೆ ಹಗ್ಗ ಕಟ್ಟಿದರೂ ಆಟ ಶುರು. ಚಿಕ್ಕ ರಾಕೆಟ್, ನಿಧಾನ ಚೆಂಡು, ಸಾಲಿನಲ್ಲಿ ಕಾಯುವ ಬದಲು ಆಡುತ್ತಿರುವ ಮಕ್ಕಳು. ಹಾದಿ ಕಾಲದ ಪಿಟಿ ಮೇಷ್ಟ್ರಿಗೆ ಟೆನಿಸ್ ವಿಷಯದಲ್ಲಿ ಅಡ್ಡ ಬಂದ ಲೆಕ್ಕಾಚಾರ ಇಲ್ಲಿ ಸಾಕಷ್ಟು ಸಡಿಲವಾಗುತ್ತದೆ.

ಉಳಿದದ್ದು ಮನಸ್ಸಿನ ಪ್ರಶ್ನೆ. ಸಾರ್ವಜನಿಕ ಕ್ರೀಡಾಂಗಣಗಳ ಕೋರ್ಟುಗಳು ಮಧ್ಯಾಹ್ನದ ಹೊತ್ತು ಖಾಲಿ ಇರುವಾಗ ಹತ್ತಿರದ ಸರ್ಕಾರಿ ಶಾಲೆಯ ಮಕ್ಕಳನ್ನು ಒಳಗೆ ಬಿಡಬಾರದೇ? ಅಕಾಡೆಮಿಗಳಲ್ಲಿ ಬಳಸಿ ಬಿಟ್ಟ ಚೆಂಡುಗಳು ಶಾಲೆಗಳಿಗೆ ಹೋಗಬಾರದೇ? ಇವಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಗೇಟಿನ ಬೀಗದ ಕೈ ಯಾರ ಬಳಿ ಇದೆಯೋ ಅವರು ಒಪ್ಪಿದರೆ ಸಾಕು.

ತಂದೆಯಿಲ್ಲದ ಮಗುವೊಂದಕ್ಕೆ ಬಷೀರ್‌ಬಾಗ್‌ನ ದೊಡ್ಡ ಮನೆ ಗೇಟು ತೆರೆಯಿತು. ಅದರಿಂದ ಭಾರತಕ್ಕೆ ಡೇವಿಸ್ ಕಪ್ ಆಟಗಾರ, ಒಲಿಂಪಿಯನ್, ರಣಜಿ ಟ್ರೋಫಿಯ ಮೊದಲ ಶತಕವೀರ, ಶಾಲೆಗಳಿಗೆ ಆಟ ತಂದ ಅಧಿಕಾರಿ ಸಿಕ್ಕಿದರು. ಈ ನಾಲ್ವರೂ ಒಬ್ಬರೇ! ಒಂದು ಮಗುವಿಗೆ ತೆರೆದ ಗೇಟಿನಿಂದ ಬಂದ ಲಾಭ ಇದು. ಇದೇ ಗೇಟು ಒಂದು ಬಡಾವಣೆಯ ಅಷ್ಟೂ ಮಕ್ಕಳಿಗೆ ತೆರೆದರೆ ಏನಾದೀತು ಎಂಬುದನ್ನು ಹಾದಿಯ ಊರು ಇನ್ನೂ ನೋಡಬೇಕಿದೆ. ನಮ್ಮ ಊರುಗಳೂ ಅಷ್ಟೇ.